ಬಿಳಿ ಕೋಟಿನ ಮೇಸ್ತ್ರಿ ಅಕ್ಕ

ಮಂಡಿಯವರೆಗೆ ಇಳಿಬಿದ್ದ ಡಾಕ್ಟರರ ಬಿಳಿ ಕೋಟು ತೊಟ್ಟು, ಹೆಗಲ ಮೇಲೆ ಗುದ್ದಲಿ ಹೊತ್ತು, ಒಂದು ಕಾಲನ್ನು ತುಸು ಎಳೆದು ನಡೆಯುತ್ತಿದ್ದ ಆ ಹೆಂಗಸನ್ನು ಮೊದಲು ಕಂಡಾಗ, ವೈದ್ಯವೃತ್ತಿಗೆ ಬೇಸತ್ತು ಕೃಷಿಗಿಳಿದ ವಿಚಿತ್ರ ವಿದುಷಿ ಇರಬೇಕೆಂದು ಭಾವಿಸಿದ್ದೆ. ಕುತೂಹಲ ತಡೆಯದೆ ಪಾತಿಯವರೆಗೂ ಹಿಂದೆಯೇ ಹೋಗಿ ಕೇಳಿಯೂಬಿಟ್ಟೆ.

"ಡಾಕ್ಟರ್ ಅಲ್ಲ, ಪೇಷೆಂಟು," ಎಂದರು ಅವರು, ಪಾತಿಯಿಂದ ತಲೆಯೆತ್ತದೆ. "ಡಾಕ್ಟರು ಕೋಟು ಬಿಟ್ಟು ಹೋದರು. ಜೇಬು ದೊಡ್ಡದು, ಬೀಜಕ್ಕೆ ಅನುಕೂಲ."

ಅದು ಹಿಂದೆ ಮಾನಸಿಕ ರೋಗಿಗಳ ಆಸ್ಪತ್ರೆಯಾಗಿದ್ದ ಆವರಣ. ಆಸ್ಪತ್ರೆ ಮುಚ್ಚಿದಾಗ ಗುಣವಾದವರನ್ನೆಲ್ಲ ಮನೆಯವರು ಕರೆದೊಯ್ಯಬೇಕೆಂದು ಆದೇಶವಾಯಿತು. ಯಾರೂ ಬಾರದ ಏಳೆಂಟು ಜನ ಉಳಿದರು, ಅವರನ್ನು ಬಿಟ್ಟುಹೋಗಲು ಮನಸ್ಸಾಗದ ಅಡುಗೆಯವನೊಬ್ಬ ಉಳಿದ. ಮುಂದೇನೆಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಈ ಕೋಟಿನವರು ಬಟ್ಟೆ ಒಗೆಯುವ ಕೋಣೆಯ ಹಿಂದಿನ ಜಾಗ ಅಗೆಯತೊಡಗಿದರಂತೆ. ಇಲಾಖೆಯವರು ಮೊದಲು ಕಂಡೂ ಕಾಣದಂತಿದ್ದು, ಆಮೇಲೆ ಜಾಗವನ್ನು ಇವರಿಗೇ ಗುತ್ತಿಗೆಗೆ ಕೊಟ್ಟರು. ಈಗ ಹೆಂಗಸರ ವಾರ್ಡಿನಲ್ಲಿ ಹಸುಗಳು, ಔಷಧದ ಉಗ್ರಾಣದಲ್ಲಿ ಈರುಳ್ಳಿ. ಬೇರೆಲ್ಲೂ ನೆಲೆ ಸಿಗದ ಕೆಲವು ಕುಟುಂಬಗಳೂ ಬಂದು ಸೇರಿವೆ. ಎಲ್ಲರಿಗೂ ಅವರು ಮೇಸ್ತ್ರಿ ಅಕ್ಕ. ಕೆಲಸ ಹೇಳುವಾಗಲೆಲ್ಲ ಒಂದು ಮಾತು ಬಾಲದಂತೆ ಬರುತ್ತದೆ: "ಕಳೆ ಕೀಳಪ್ಪ, ಮನಸ್ಸಿದ್ರೆ." ಮನಸ್ಸಿಲ್ಲವೆಂದವನನ್ನು ಗದರುವುದಿಲ್ಲ, ಅವನ ಕಣ್ಣೆದುರೇ ಕೂತು ತಾವೇ ಕೀಳುತ್ತಾರೆ.

ಹೋದ ವರ್ಷ, ನಾನು ಹಾಲಿಗೆಂದು ಹೋಗಿದ್ದ ಒಂದು ಬೆಳಿಗ್ಗೆ, ಅವರ ಅಣ್ಣ ಬಂದರು. ತಂಗಿಯನ್ನು ಇಲ್ಲಿ ಬಿಟ್ಟುಹೋಗಿ, ಮತ್ತೆ ತಿರುಗಿಯೂ ನೋಡದಿದ್ದ ಅಣ್ಣ. "ಮನೆಗೆ ಬಾಮ್ಮ, ತಪ್ಪಾಯ್ತು. ನಿನ್ನ ಅತ್ತಿಗೆಯೂ ತೀರಿಕೊಂಡ್ಳು," ಎಂದರು ಮುದುಕರು. ಅಕ್ಕ ಅವರನ್ನು ಒಂದು ಕತ್ತಲೆ ಕೋಣೆಗೆ ಕರೆದೊಯ್ದರು.

"ನನ್ನನ್ನ ಇಲ್ಲೇ ಕೂಡಿಹಾಕ್ತಿದ್ರು. ಈಗ ಅಣಬೆ ಚೆನ್ನಾಗಿ ಬರುತ್ತೆ."

ಅಣ್ಣ ಹೊಸ್ತಿಲ ಮೇಲೆ ಕುಸಿದು ಕೂತು ಬಿಕ್ಕಿದರು. ಅಕ್ಕ ಕೇಳಿದರು: "ಅತ್ತಿಗೆ ಹೋದಮೇಲೆ ನಿನಗೆ ಅಡುಗೆ ಮಾಡೋರು ಯಾರು?"

"ಯಾರೂ ಇಲ್ಲ."

"ಹಾಗಾದ್ರೆ ನೀನೇ ಇಲ್ಲಿಗೆ ಬಂದ್ಬಿಡು."

ಅವರು ಬಂದರು. ಈಗ ಕೊಟ್ಟಿಗೆಯ ಉಸ್ತುವಾರಿ ಅವರದು.

"ಅಣ್ಣನನ್ನು ಕ್ಷಮಿಸಿದಿರಾ?" ಎಂದು ಒಮ್ಮೆ ಕೇಳಿದೆ. ಅಕ್ಕ ಪ್ರಾಮಾಣಿಕವಾಗಿಯೇ ಯೋಚಿಸಿದರು. "ಗೊತ್ತಿಲ್ಲ. ಹಸು ನೋಡ್ಕೊಳ್ಳೋಕೆ ಒಬ್ಬರು ಬೇಕಿತ್ತು."

ಇಂಥವರನ್ನು ಕ್ಷಮಾಮೂರ್ತಿಗಳೆಂದು ಕರೆದು ಕೈಮುಗಿದುಬಿಡುವುದು ನಮಗೆ ಸುಲಭ. ಆದರೆ ಅವರ ನೆನಪು ನಮ್ಮದಕ್ಕಿಂತ ಮಸುಕೇನಲ್ಲ. ನೋವುಂಡ ನೆಲದಲ್ಲೂ ಏನು ಬೆಳೆದೀತೆಂದು ಕಾದು ನೋಡುವ ಕುತೂಹಲ ಮಾತ್ರ ಅವರಲ್ಲಿ ದ್ವೇಷಕ್ಕಿಂತ ಒಂದು ಹಿಡಿ ಹೆಚ್ಚು.