ಸದ್ದಿಲ್ಲದ ದೋಣಿ

ಟೀವಿ ರಿಪೇರಿ ಮಾಡುವವರಿಗೆ ಒಂದು ಕೊಬ್ಬು ಇರುತ್ತದೆ. ಸದ್ದು ಹೋಗಿದೆ ಎಂದು ಯಾರಾದರೂ ಟೀವಿ ಹೊತ್ತು ತಂದರೆ ಒಳಗೊಳಗೇ ನಗುತ್ತಾರೆ. ಸದ್ದು ಒಂದು ಕೆಲಸವೇ? ಹಳೇ ರೇಡಿಯೋದಿಂದ ಸ್ಪೀಕರು ಕಿತ್ತು ಎರಡು ತಂತಿಗೆ ಬೆಸುಗೆ ಹಾಕಿದರೆ ಮುಗಿಯಿತು. ಚಿತ್ರ ಹೋಗಿದೆ ಅಂದಾಗ ಮಾತ್ರ ಅವರ ಮುಖ ಗಂಭೀರವಾಗುತ್ತದೆ. ಪಾಂಡವಪುರದ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಅಂಗಡಿ ಇಟ್ಟಿದ್ದ ಕಿಶನ್‌ಗೂ ಆ ಕೊಬ್ಬು ಇತ್ತು. ಅದನ್ನೇ ಅವನು ಕಂಪ್ಯೂಟರಿನ ತನಕ ಹೊತ್ತುಕೊಂಡು ಹೋದ.

ಕಂಪ್ಯೂಟರು ಕಟ್ಟಲು ಹೊರಟಿದ್ದು ವ್ಯಾಪಾರಕ್ಕಲ್ಲ, ಶ್ವೇತಳಿಗಾಗಿ. ಶ್ವೇತ ಅವನ ಸೋದರತ್ತೆ ಮಂಗಳಮ್ಮನ ಮಗಳು, ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯವಳು. ಅವಳು ತೊಟ್ಟಿಲಲ್ಲಿದ್ದಾಗಲೇ ಇವಳು ಕಿಶನನಿಗೆ ಎಂದು ದೊಡ್ಡವರು ಮಾತಾಡಿ ಮುಗಿಸಿದ್ದರು. ಹೈಸ್ಕೂಲನ್ನು ಅವಳು ಓದಿದ್ದು ಬಾಬುರಾಯನಕೊಪ್ಪಲಿನಲ್ಲಿ, ಕಿಶನನ ಮನೆಯಲ್ಲೇ ಇದ್ದುಕೊಂಡು. ದಿನಾ ಇಬ್ಬರೂ ಒಟ್ಟಿಗೆ ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದರು, ಒಟ್ಟಿಗೆ ಬರುತ್ತಿದ್ದರು. ಬರುವಾಗ ಬಸ್‌ಸ್ಟ್ಯಾಂಡ್ ಪಕ್ಕದ ರಂಗಸ್ವಾಮಿಯ ವಿಡಿಯೋ ಗೇಮಿನ ಅಂಗಡಿಗೆ ನುಗ್ಗದೆ ಬಂದ ದಿನ ಕಡಿಮೆ.

ಆ ಅಂಗಡಿಗೆ ಹಗಲಲ್ಲೂ ಕಪ್ಪು ಪರದೆ. ಒಳಗೆ ಬೀರುವಿನಷ್ಟು ಎತ್ತರದ ಮಷೀನಿನಲ್ಲಿ ಒಂದು ದೋಣಿ ಆಟ. ದೋಣಿ ತಾನಾಗಿಯೇ ಹೋಗುತ್ತಿತ್ತು. ಆಡುವವರು ಮಷೀನಿನಿಂದ ಎದ್ದಿದ್ದ, ತುದಿಯ ಗುಂಡು ಒಡೆದ ಕೈಗೋಲು ಹಿಡಿದು ಅದನ್ನು ಎಡಕ್ಕೋ ಬಲಕ್ಕೋ ವಾಲಿಸಬೇಕು. ಎಡಗಡೆ ಬಂಡೆ ಬಂದರೆ ಮಷೀನು ಟಕಟಕ ಎನ್ನುತ್ತಿತ್ತು. ಬಲಗಡೆ ಸುಳಿ ಎದ್ದರೆ ಗುಂಯ್ ಎನ್ನುತ್ತಿತ್ತು. ದಡ ಮುಟ್ಟಿದರೆ ಗಂಟೆ ಬಡಿಯುತ್ತಿತ್ತು. ಕಿಶನ್ ಗಾಜಿಗೆ ಮೂಗು ತಾಗಿಸಿಕೊಂಡು ಆಡಿದರೂ ನಡುನೀರಿನಲ್ಲೇ ಮುಳುಗುತ್ತಿದ್ದ. ಶ್ವೇತ ಮಾತ್ರ ಮುಖವನ್ನು ಇವನ ಕಡೆ ತಿರುಗಿಸಿ, ಬಾಯಿ ತುಂಬ ಕಡಲೆಕಾಯಿ ಹಾಕಿಕೊಂಡು, ಶಾಲೆಯ ಸುದ್ದಿ ಹೇಳುತ್ತಾ ಹೇಳುತ್ತಾ ದಡ ಮುಟ್ಟಿಸಿಬಿಡುತ್ತಿದ್ದಳು.

"ನೋಡ್ಕಂಡು ಆಡೇ, ಬೀಗ್‌ಬ್ಯಾಡ" ಎಂದು ಇವನು ಉರಿದುಕೊಳ್ಳುತ್ತಿದ್ದ.

"ನೋಡೋದ್ಯಾಕೋ? ಕಿವಿ ಐತಲ್ಲ" ಎನ್ನುತ್ತಿದ್ದಳು.

ಅದನ್ನು ಅವನು ಜಂಬ ಅಂದುಕೊಂಡ. ಆ ಕತ್ತಲೆ ಅಂಗಡಿಯಲ್ಲಿ ಅವಳಿಗೆ ಮಷೀನಿನ ಪರದೆಯ ಅಂಚು ಆಗಲೇ ಕಾಣುತ್ತಿರಲಿಲ್ಲ ಎಂದು ಅವನಿಗೆ ಹೊಳೆಯಬೇಕಿತ್ತು. ಹೊರಗೆ ಬರುವಾಗ ಅವಳು ದಿನಾ ಬಾಗಿಲ ಬಳಿಯ ಅದೇ ಬೆಂಚಿಗೆ ಮಂಡಿ ತಾಗಿಸಿಕೊಳ್ಳುತ್ತಿದ್ದಳಲ್ಲ! ಪ್ರೀತಿ ಇರುವ ಕಡೆ ಮನುಷ್ಯರು ಗಮನ ಕೊಡುತ್ತಾರೆ ಅನ್ನುವುದೆಲ್ಲ ಬರೀ ಮಾತು. ಅವನು ಗಮನಿಸಿದ್ದು ಅವಳ ನಗುವನ್ನು ಮಾತ್ರ.

ಎಸ್ಸೆಸ್ಸೆಲ್ಸಿ ಮುಗಿಸಿ ಅವಳು ಊರಿಗೆ ಹೋದಳು. ಹಬ್ಬಕ್ಕೆ ಬಂದುಹೋಗುತ್ತಿದ್ದಳು. ಒಂದು ಯುಗಾದಿಗೆ ಬಂದವಳು ಮುಸ್ಸಂಜೆಯಲ್ಲಿ, ಡೈರಿಗೆ ಕೊಂಡೊಯ್ಯಲು ಹೊಸಿಲ ಬಳಿ ಇಟ್ಟಿದ್ದ ಹಾಲಿನ ಕ್ಯಾನು ಎಡವಿ ಅಷ್ಟೂ ಹಾಲು ಚೆಲ್ಲಿಬಿಟ್ಟಳು. ಕಿಶನನ ತಾಯಿ ಮಾಯಮ್ಮ ಸುಮ್ಮನಿರಲಿಲ್ಲ. "ಕಣ್ಣು ನೆತ್ತಿ ಮೇಲೈತೆ ಈ ಹುಡುಗೀಗೆ" ಅಂದುಬಿಟ್ಟಳು. ಮಾರನೆಯ ಬೆಳಿಗ್ಗೆಯೇ ಊರಿನ ಬಸ್ಸು ಹತ್ತಿದ ಶ್ವೇತ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಕಿಶನ್ ಯಾವಾಗ ಮಾಕವಳ್ಳಿಗೆ ಹೋದರೂ ಮಂಗಳಮ್ಮ ಬಾಗಿಲಲ್ಲೇ ತಡೆಯುತ್ತಿದ್ದಳು. ಒಂದು ಸಲ ತಲೆನೋವು, ಮಲಗವ್ಳೆ. ಇನ್ನೊಂದು ಸಲ ಟೈಲರಿಂಗ್ ಕ್ಲಾಸು. ಎರಡು ವರ್ಷ ಹೀಗೇ ಹೋಯಿತು. ಅಷ್ಟರಲ್ಲಿ ಹಾಲಿನ ವ್ಯಾನು ಓಡಿಸುವ ಚಿಕ್ಕಸ್ವಾಮಿ ಅಂಗಡಿಗೆ ಬಂದು ಬೀಡಿ ಹಚ್ಚಿಕೊಂಡು ಹೇಳಿದ: "ನಿಮ್ಮತ್ತೆ, ಅವಳ ಮಗಳು ಇಬ್ರೂನೂ ನಾಗಮಂಗಲದ ಬಸ್‌ಸ್ಟ್ಯಾಂಡಲ್ಲಿ ಆಗಾಗ ಕಾಣ್ತಾವ್ರೆ ಕಣ್ಲಾ. ಗಂಡಿನ್ ಕಡೇವ್ರು ಆ ಕಡೆ ಅವ್ರೇನೋ. ನೀನು ಇಲ್ಲಿ ಟೀವಿ ಬಿಚ್ಕಂಡು ಕೂತಿರು."

ನೆಟ್ಟಗೆ ಹೋಗಿ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳುವ ಗಂಡು ಕಿಶನ್ ಅಲ್ಲ. ಸರ್ಕ್ಯೂಟಿನ ಮುಂದೆ ಹುಲಿ, ಹುಡುಗಿಯ ಮುಂದೆ ಬಾಯಿ ಕಟ್ಟಿಹೋಗುತ್ತಿತ್ತು. ಬಾಯಲ್ಲಿ ಕೇಳಲಾಗದ್ದನ್ನು ಆ ದೋಣಿ ಕೇಳಲಿ ಎಂದು ತೀರ್ಮಾನಿಸಿದ. ಆಟವನ್ನು ಅವಳ ಮನೆಗೇ ಹೊತ್ತುಕೊಂಡು ಹೋಗುವುದು, ಅವಳು ದಡ ಮುಟ್ಟಿದ ಕೂಡಲೇ ಕೇಳಿಬಿಡುವುದು. ಇದು ತೊಂಬತ್ತೆಂಟರ ಬೇಸಿಗೆಯ ಮಾತು.

ರಂಗಸ್ವಾಮಿ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮಷೀನು ಅವನ ಹಿತ್ತಿಲಲ್ಲಿ ಗೆದ್ದಲು ಹಿಡಿದು ನಿಂತಿತ್ತು. "ತಗಂಡೋಗ್ಲಾ, ಅದ್ರೊಳಗೆ ಇಲಿ ಸಂಸಾರ ಮಾಡ್ತಾವೆ" ಅಂದ. ಕಿಶನ್ ಅದರ ಬೋರ್ಡನ್ನೂ ಕೈಗೋಲನ್ನೂ ಬಿಚ್ಚಿಕೊಂಡು ಬಂದ. ಬೋರ್ಡು ತುಕ್ಕು ತಿಂದಿತ್ತು, ಆದರೆ ಆಟ ತುಂಬಿದ್ದ ಚಿಪ್‌ಗಳು ಸರಿಯಿದ್ದವು. ಶ್ರೀರಂಗಪಟ್ಟಣದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದ ಗೆಳೆಯ ಅಶೋಕ್ ಅವುಗಳನ್ನು ಮೈಸೂರಿನಲ್ಲಿ ಓದಿಸಿ ಫ್ಲಾಪಿಗೆ ಇಳಿಸಿಕೊಂಡು ಬಂದ.

"ಕಂಪ್ಯೂಟರೇ ಆ ಹಳೇ ಮಷೀನಿನಂಗೆ ನಟಿಸೋ ಪ್ರೋಗ್ರಾಮು ಐತೆ" ಎಂದ ಅಶೋಕ್. "ವಿಂಡೋಸ್ ಬದ್ಲಿಗೆ ಹಾಕೋ ಲಿನಕ್ಸಲ್ಲಾದ್ರೆ ಅದನ್ನ ಬಿಚ್ಚಿ ನಮ್ಮ ಆಟಕ್ಕೆ ತಕ್ಕಂಗೆ ತಿದ್‌ಬೋದು. ಪತ್ರಿಕೆ ಜೊತೆ ಬಂದ ಸೀಡಿ ನನ್ ಹತ್ರ ಐತೆ, ಪುಕ್ಕಟೆ. ಆದ್ರೆ ಒಂದು ಮಾತು. ಲಿನಕ್ಸಿಗೆ ಸಿಕ್ಸಿಕ್ಕಿದ ಕಾರ್ಡೆಲ್ಲ ಒಗ್ಗಲ್ಲ. ಕೇಳ್ಕಂಡು ತಗಬೇಕು."

ಇಬ್ಬರೂ ಮೈಸೂರಿಗೆ ಹೋಗಿ ಹಳೇ ಸಾಮಾನಿನ ಅಂಗಡಿಗಳನ್ನು ಅಲೆದರು. ಪ್ರೊಸೆಸರು, ಮದರ್‌ಬೋರ್ಡು ಯಾರೋ ಬಳಸಿ ಬಿಟ್ಟದ್ದು ಸಿಕ್ಕಿತು. ಉಳಿದ ದುಡ್ಡಿಗೆ ಎರಡು ದಾರಿ. ಸಣ್ಣ ಮಾನಿಟರು ಕೊಂಡರೆ ಲಿನಕ್ಸಿಗೆ ಒಗ್ಗುವ ಒಳ್ಳೇ ಸೌಂಡ್ ಕಾರ್ಡು ಕೊಳ್ಳಬಹುದು. ದೊಡ್ಡ ಮಾನಿಟರು, ಅದಕ್ಕೆ ತಕ್ಕ ಡಿಸ್‌ಪ್ಲೇ ಕಾರ್ಡು ಕೊಂಡರೆ ಸೌಂಡಿಗೆ ಉಳಿಯುವುದು ಹೆಸರೇ ಇಲ್ಲದ ಅಗ್ಗದ ಕಾರ್ಡು.

"ಸೌಂಡ್ ಕಾರ್ಡ್ ತಗೊ" ಎಂದ ಅಶೋಕ್. "ಈ ಅಗ್ಗದ್ದಕ್ಕೆ ಲಿನಕ್ಸಲ್ಲಿ ಡ್ರೈವರೇ ಇಲ್ಲ. ಕಾರ್ಡನ್ನ ಮಾತಾಡ್ಸೋ ಪ್ರೋಗ್ರಾಮೇ ಇಲ್ದಿದ್ ಮ್ಯಾಲೆ ಅದು ಮೂಗ."

"ಬುಡ್ಲಾ. ಸೌಂಡಿಗೆ ನಾನಿಲ್ವಾ? ಆಂಪ್ಲಿಫೈಯರ್ ಕಟ್ಟಿ ಕೂಗಿಸ್ತೀನಿ. ಅವಳು ನೀರಿನ ಬಣ್ಣ ನೋಡ್ಬೇಕು."

"ಇದು ಟೀವಿ ಅಲ್ಲ ಕಣ್ಲಾ."

ಕಿಶನ್ ಕಿವಿಗೆ ಹಾಕಿಕೊಳ್ಳಲಿಲ್ಲ. ದೊಡ್ಡ ಮಾನಿಟರು ಕೊಂಡ. ಹಳೆಯ ಕೈಗೋಲನ್ನು ಕೀಬೋರ್ಡಿನ ಒಡಲಿಗೆ ಬೆಸುಗೆ ಹಾಕಿದ. ಅದು ಮೊದಲ ಸಲಕ್ಕೇ ಕೆಲಸ ಮಾಡಿತು, ಅವನ ಕೊಬ್ಬು ಇನ್ನಷ್ಟು ಏರಿತು. ಪರದೆಯ ಮೇಲೆ ದೋಣಿ ಎದ್ದು ಬಂದಾಗ ನೀರು ಎಷ್ಟು ನೀಲಿಯಾಗಿತ್ತೆಂದರೆ ಅಶೋಕನೂ ಶಿಳ್ಳೆ ಹೊಡೆದ. ಸದ್ದು ಮಾತ್ರ ಬರಲಿಲ್ಲ. ಆಂಪ್ಲಿಫೈಯರು ಕಟ್ಟಿದ, ಸ್ಪೀಕರು ಬದಲಾಯಿಸಿದ, ಕಾರ್ಡಿನ ಕಾಲುಗಳನ್ನು ಒಂದೊಂದಾಗಿ ಮತ್ತೆ ಬೆಸೆದ. ಮೂಗನ ಬಾಯಿಗೆ ಧ್ವನಿವರ್ಧಕ ಹಿಡಿದಂತಾಯಿತು.

"ಸ್ವಲ್ಪ ತಡ್ಕೊ, ಒಗ್ಗೋ ಕಾರ್ಡು ಎಲ್ಲಾದ್ರೂ ಸಿಕ್ತದೆ" ಎಂದ ಅಶೋಕ್. ಆದರೆ ಕಿಶನನ ತಲೆಯಲ್ಲಿ ನಾಗಮಂಗಲದ ಬಸ್ಸು ಓಡುತ್ತಿತ್ತು. ಸದ್ದಿಲ್ಲದಿದ್ದರೇನು, ಚಿತ್ರವಿದೆಯಲ್ಲ ಎಂದು ಎಲ್ಲವನ್ನೂ ಹಳೇ ಕಂಬಳಿಯಲ್ಲಿ ಸುತ್ತಿ ಚಿಕ್ಕಸ್ವಾಮಿಯ ವ್ಯಾನಿಗೆ ಹೇರಿದ.

ಮಾಕವಳ್ಳಿ ತಲುಪಿದಾಗ ಬೆಳಗಿನ ಹೊತ್ತು. ಶ್ವೇತಳ ಅಪ್ಪ ಚಲುವರಾಜು ಸಕ್ಕರೆ ಫ್ಯಾಕ್ಟರಿ ಕೆಲಸಕ್ಕೆ ಹೋಗಿದ್ದರು. ಮಂಗಳಮ್ಮ ಎಂದಿನಂತೆ ಬಾಗಿಲಿಗೆ ಅಡ್ಡ ನಿಂತಳು. "ತಲೆನೋವು ಕಣಪ್ಪ ಅವಳ್ಗೆ..."

"ಒಳೀಕೆ ಬುಡವ್ವ ಅವನ್ನ" ಎಂದು ಒಳಗಿನಿಂದ ಶ್ವೇತಳ ದನಿ ಬಂತು.

ಕಿಶನ್ ನಡುಮನೆಯ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿದ. ಕರೆಂಟು ಇತ್ತು. ನೀಲಿ ನೀರು ಅರ್ಧ ಗೋಡೆಗೆ ಬೆಳಕು ಚೆಲ್ಲಿತು. ಶ್ವೇತ ಗೋಡೆಯ ಮೇಲೆ ಕೈ ಆಡಿಸುತ್ತಾ ನಿಧಾನವಾಗಿ ಬಂದಳು. ನಾಚಿಕೆ ಅಂದುಕೊಂಡ ನಮ್ಮ ಜಾಣ. ಕುರ್ಚಿಯ ಬೆನ್ನು ತಡವಿ ಕುಳಿತಳು. ಅವನು ಕೈಗೋಲನ್ನು ಅವಳ ಮುಂದೆ ಸರಿಸಿದ. ಅವಳ ಬೆರಳು ಅದರ ತುದಿಯ ಗುಂಡು ಒಡೆದಿದ್ದ ಜಾಗಕ್ಕೆ ನೇರ ಹೋಯಿತು.

"ಅಯ್ಯೋ, ಇದು ರಂಗಸ್ವಾಮಿ ಅಂಗಡೀದು!" ಅವಳ ಮುಖ ಹದಿಮೂರು ವರ್ಷದ ಹುಡುಗಿಯದಾಯಿತು. "ದೋಣಿ ತಂದಿದ್ದೀಯೇನೋ?"

"ಊಂ."

ಅವಳು ನೆಟ್ಟಗೆ ಕುಳಿತು, ಉಸಿರು ಬಿಗಿಹಿಡಿದು ಕಾದಳು. ಪರದೆಯಲ್ಲಿ ದೋಣಿ ಹೊರಟಿತು. ಎಡಗಡೆ ಬಂಡೆ ಬಂತು. ಅವಳ ಕೈ ಅಲುಗಲಿಲ್ಲ. ದೋಣಿ ಬಂಡೆಗೆ ಬಡಿದು ಮುಳುಗಿತು. ಇನ್ನೊಂದು ದೋಣಿ ಬಂತು, ಅದೂ ಹೋಯಿತು. ಅವಳು ಇನ್ನೂ ನಗುತ್ತಾ ಕಾಯುತ್ತಲೇ ಇದ್ದಳು.

"ಶುರು ಮಾಡೋ" ಎಂದಳು.

ಕಿಶನ್ ಅವಳ ಕಣ್ಣುಗಳನ್ನು ನೋಡಿದ. ಅವು ಪರದೆಯ ಮೇಲಿರಲಿಲ್ಲ, ಪರದೆಯ ಪಕ್ಕದ ಗೋಡೆಯ ಕಡೆಗಿದ್ದವು. ಬೆಂಚು, ಹಾಲಿನ ಕ್ಯಾನು, ಕಡಲೆಕಾಯಿ ಜಗಿಯುತ್ತಾ ಇವನ ಕಡೆ ತಿರುಗಿರುತ್ತಿದ್ದ ಆ ಮುಖ, ಎಲ್ಲವೂ ಒಟ್ಟಿಗೆ ಬಂದು ಅವನ ಎದೆಗೆ ಗುದ್ದಿದವು.

"ಶುರುವಾಗೈತೆ ಕಣೆ" ಎಂದ, ಬೇರೆ ಯಾರದೋ ದನಿಯಲ್ಲಿ.

ಅವಳ ನಗು ಹಾಗೇ ಆರಿಹೋಯಿತು. "ಸದ್ದಿಲ್ವಾ?"

ಮಂಗಳಮ್ಮ ಬಾಗಿಲಲ್ಲೇ ಕುಸಿದು ಸೆರಗು ಬಾಯಿಗೆ ಒತ್ತಿಕೊಂಡಳು. ಮಾತು ಅಳುವಿನ ನಡುನಡುವೆ ಬಂತು. ಮೊದಲು ಸಂಜೆ ಹೊತ್ತು ಕಣ್ಣು ಕಾಣದಾಯಿತು. ಆಮೇಲೆ ಅಕ್ಕಪಕ್ಕದ ನೋಟ ಹೋಯಿತು, ಈಗ ಪೂರ್ತಿ ಕತ್ತಲೆ. ಮೈಸೂರಿನ ಡಾಕ್ಟರು ಕೈಬಿಟ್ಟರು. ನಾಗಮಂಗಲದ ಕಡೆ ಕಣ್ಣಿಗೆ ಸೊಪ್ಪಿನ ರಸ ಬಿಡುವವರು ಇದ್ದಾರೆಂದು ಕೇಳಿ ತಿರುಗಿ ತಿರುಗಿ ಸಾಕಾಯಿತು. "ಎಣ್ಣು ಮಗೀದು ಕಣಪ್ಪ, ಎಂಗೆ ಬಾಯಿಬಿಟ್ಟು ಏಳದು? ಅಣ್ಣನ ಮನೇಲಾದ್ರೂ ಅಷ್ಟೇಯ. ತಾಳಿ ಬೀಳೋಗಂಟ ಮುಚ್ಚಿಡವ ಅಂತಿದ್ದೆ." ನಮ್ಮ ಕಡೆ ಹೆಣ್ಣುಮಕ್ಕಳ ಕಾಯಿಲೆಯನ್ನು ಹೀಗೇ ಬಚ್ಚಿಡುತ್ತಾರೆ. ಮರ್ಯಾದೆ ಉಳಿಯುತ್ತದೆ, ಒಳಗೆ ಕೂತ ಹುಡುಗಿ ಒಬ್ಬಂಟಿಯಾಗುತ್ತಾಳೆ.

ಕಿಶನ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎರಡು ದಾರಿಯಿತ್ತು, ಅವಳಿಗೆ ಬೇಡದ್ದನ್ನೇ ಆರಿಸಿ, ದೊಡ್ಡದು ನೋಡಿ ಹೊತ್ತು ತಂದಿದ್ದ. ಅಳುವುದನ್ನು ಬಿಟ್ಟು ಅವನಿಗೆ ತೋಚಿದ್ದು ಒಂದೇ. ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತ, ಆಟವನ್ನು ಮತ್ತೆ ಶುರು ಮಾಡಿದ.

"ಟಕಟಕ ಟಕಟಕ" ಎಂದ ಬಾಯಲ್ಲಿ.

ಶ್ವೇತ ಬೆಚ್ಚಿದಳು. ಆಮೇಲೆ ಅವಳ ಕೈ ತಾನಾಗಿಯೇ ಬಲಕ್ಕೆ ವಾಲಿತು. ದೋಣಿ ಬಂಡೆ ತಪ್ಪಿಸಿಕೊಂಡಿತು.

"ಗುಂಯ್..." ಎಂದ. ಕೈ ಎಡಕ್ಕೆ ಬಂತು. ಸುಳಿ ಹಿಂದೆ ಉಳಿಯಿತು.

ಮತ್ತೆ ಟಕಟಕ. ಮತ್ತೆ ಗುಂಯ್. ಇಷ್ಟು ವರ್ಷದಲ್ಲಿ ಅವನು ಒಂದು ಸದ್ದನ್ನೂ ಮರೆತಿರಲಿಲ್ಲ. ಅವಳು ನಕ್ಕಳು. "ಗಂಟಲು ಕಟ್ಟಿದ ಎಮ್ಮೆ ಅಂಗೆ ಕೂಗ್ತೀಯಲ್ಲೋ!" ಎಂದು ಅಣಕಿಸಿದಳು. ದೋಣಿ ಹಿಂದೆಂದೂ ಅವನು ಮುಟ್ಟಿಸದಷ್ಟು ದೂರ ಹೋಗಿತ್ತು. ದಡದ ಹಸಿರು ಪರದೆಯ ತುದಿಯಲ್ಲಿ ಕಾಣಿಸಿಕೊಂಡಿತು. ಅವಳು ನಗುತ್ತಲೇ ಮುಖವನ್ನು ಇವನ ಕಡೆ ತಿರುಗಿಸಿದಳು, ಥೇಟ್ ಆಗ ತಿರುಗಿಸುತ್ತಿದ್ದಂತೆ. ಅವನಿಗೆ ಬಲಗಡೆ ಸುಳಿ ಎದ್ದದ್ದು ಕಂಡಿತು, ಬಾಯಿಂದ ಸದ್ದು ಹೊರಡಲಿಲ್ಲ. ದೋಣಿ ಸುತ್ತಿ ಸುತ್ತಿ ಮುಳುಗಿತು.

ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟು ಕುಳಿತಳು.

"ಮುಳುಗ್ತಾ?"

"ಇಲ್ಲ ಕಣೆ" ಎಂದ. "ದಡ ಮುಟ್ತು." ಆ ಉಸಿರಿನಲ್ಲೇ, ಎಷ್ಟೋ ವರ್ಷದಿಂದ ಒಳಗಿದ್ದದ್ದನ್ನು ಕೇಳಿಬಿಟ್ಟ: "ನನ್ನ ಮದ್ವೆ ಆಗ್ತೀಯಾ ಶ್ವೇತ? ನಂಗೆ ಇದೇನೂ ದೊಡ್ಡದಲ್ಲ. ದೇವ್ರಾಣೆಗೂ ದೊಡ್ಡದಲ್ಲ."

ಶ್ವೇತ ಕೈಗೋಲನ್ನು ಬಿಟ್ಟಳು. ಅದರ ಒಡೆದ ಗುಂಡನ್ನು ಒಮ್ಮೆ ಸವರಿ ಕೈ ತೆಗೆದಳು.

"ದಡ ಮುಟ್ಟಿದ್ರೆ ಗಂಟೆ ಬಡೀತಿತ್ತು ಕಣೋ" ಎಂದಳು. "ನಮ್ಮವ್ವ ನನ್ನ ಮುಚ್ಚಿಡಕ್ಕೆ ಊರ್ಗೆಲ್ಲ ಸುಳ್ಳು ಏಳ್ತಾವ್ಳೆ. ಇನ್ನು ನೀನು ದಿನಾ ನಂಗೆ ಸುಳ್ಳು ಏಳ್ತೀಯ. ಮುಳುಗಿದ್ರೂ ಮುಟ್ತು ಅಂತೀಯ. ಪಿರೂತೀಲೇ ಏಳ್ತೀಯ, ಗೊತ್ತು. ನಾನು ಯಾರ ಮಾತು ನಂಬ್ಕಂಡು ಕಾಲು ಎತ್ತಿಡಲಿ, ಏಳು? ನನ್ ಕೈಲಾಗಲ್ಲ."

ಅವಳು ಎದ್ದು ಗೋಡೆ ಹುಡುಕಿಕೊಂಡಳು.

ಕಿಶನ್‌ಗೆ ಆಗ ಗಂಟೆಯ ನೆನಪು ಬಂತು. "ಟಿಣ್" ಎಂದ. ಒಡೆದ ದನಿಯಲ್ಲಿ ಮತ್ತೆ "ಟಿಣ್, ಟಿಣ್" ಎಂದ. ಒಳಕೋಣೆಯ ಬಾಗಿಲಲ್ಲಿ ಅವಳು ಒಂದು ಗಳಿಗೆ ನಿಂತಳು, ತಿರುಗಲಿಲ್ಲ. ಮೇಜಿನ ಮೇಲೆ ಇನ್ನೊಂದು ದೋಣಿ ಹೊರಟಿತ್ತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.