ಮೂರು ದಿನ ಮೊದಲು

ಶಿವಮೊಗ್ಗದ ದೊಡ್ಡ ಆಸ್ಪತ್ರೆಯಿಂದ ನವ್ಯಾಗೆ ಕೆಲಸದ ಆದೇಶ ಬಂದದ್ದು ಮೇ ಹನ್ನೆರಡಕ್ಕೆ. ಜೂನ್ ಒಂದಕ್ಕೆ ಸೇರಬೇಕಿತ್ತು. ಹೊಸನಗರದ ನರ್ಸಿಂಗ್ ಹೋಮಿನಲ್ಲಿ ಅವಳು ಮೂರು ವರ್ಷದಿಂದ ರೋಗಿಗಳಿಗೆ ಫಿಸಿಯೋಥೆರಪಿ ಮಾಡಿಸುತ್ತಿದ್ದಳು. ಬಿಡುವುದಾದರೆ ತಿಂಗಳ ಮುಂಚೆ ತಿಳಿಸಬೇಕೆಂದು ಅಲ್ಲಿನ ಕರಾರು. ತಿಂಗಳಂತೂ ಉಳಿದಿರಲಿಲ್ಲ, ಆ ದಿನವೇ ಹೇಳಿದ್ದರೆ ಹತ್ತಿರ ಹತ್ತಿರ ಮೂರು ವಾರವಾದರೂ ಅವರಿಗೆ ಸಿಗುತ್ತಿತ್ತು. ಆದರೆ ಹೋದ ವರ್ಷ ಲ್ಯಾಬಿನ ಪೂರ್ಣೇಶ್ ನಿಯತ್ತಾಗಿ ತಿಂಗಳ ಮೊದಲೇ ಹೇಳಿದಾಗ, ನರ್ಸಿಂಗ್ ಹೋಮಿನ ಮಾಲೀಕರಾದ ಡಾಕ್ಟರ್ ನಾರಾಯಣಮೂರ್ತಿ ಸಿಟ್ಟಿನಲ್ಲಿ "ನಾಳೆಯಿಂದಲೇ ಬರೋದು ಬೇಡ" ಅಂದಿದ್ದರು. ನವ್ಯಾ ಯೋಚಿಸಿ ಯೋಚಿಸಿ ಮೂರು ದಿನ ಮೊದಲು ಹೇಳಿದರೆ ಸಾಕು ಎಂದು ತೀರ್ಮಾನಿಸಿದಳು.

ಅಷ್ಟರಲ್ಲಿ ಹುಂಚದ ಸೀತಾರಾಮಪ್ಪ ಒಂದು ಮಾತು ಕೇಳಿದರು. ಲಕ್ವ ಹೊಡೆದು ಅವರ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ವಾರಕ್ಕೆ ಮೂರು ಸಲ ಹೆಂಡತಿ ಪುಷ್ಪಮ್ಮ ಅವರನ್ನು ಬಸ್ಸಿಗೆ ಹತ್ತಿಸಿ ಕರೆತರುತ್ತಿದ್ದರು.

"ಮಗಳು ತೀರ್ಥಹಳ್ಳಿಗೆ ಬನ್ನಿ ಅಂತಾಳೆ. ಅಲ್ಲೂ ಈ ಕಸರತ್ತು ಮಾಡಿಸೋರು ಇದಾರಂತೆ. ಆದ್ರೆ ನಂಗೆ ನಿಮ್ಮ ಕೈಗುಣಾನೇ ಆಗೋದು. ಮಳೆಗಾಲ ಕಳೆಯೋವರೆಗೂ ಇಲ್ಲೇ ಇರ್ತೀರಲ್ವಾ?"

"ನಾನೆಲ್ಲಿ ಹೋಗ್ತೀನಿ, ಸೀತಾರಾಮಣ್ಣ?" ಎಂದು ನಕ್ಕಳು ನವ್ಯಾ. ನಗು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಇಪ್ಪತ್ತೆಂಟರ ಬೆಳಿಗ್ಗೆ ರಾಜೀನಾಮೆ ಕೊಟ್ಟಳು. ಡಾಕ್ಟರು ಬಯ್ಯಲಿಲ್ಲ. ಓದಿ ಮಡಚಿಟ್ಟು, "ಪೇಶೆಂಟುಗಳಿಗೆ ಹೇಳಿದೀಯಾ?" ಅಂದರು.

"ಇಲ್ಲ ಸರ್."

"ಸೀತಾರಾಮಪ್ಪ ಬಸ್ಸಿನ ಓಡಾಟ ಆಗಲ್ಲ ಅಂತ ಇಲ್ಲೇ ರೂಮು ಮಾಡಿದಾರೆ. ನಿನ್ನೆ ಸಾಮಾನು ತಂದ್ರು. ನೀನಿದೀಯ ಅಂತಾನೇ ಬಂದಿರೋದು. ಅವರಿಗೆ ನೀನೇ ಹೋಗಿ ಹೇಳು."

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು ಆ ರೂಮು. ಪುಷ್ಪಮ್ಮ ಪಾತ್ರೆ ಜೋಡಿಸುತ್ತಿದ್ದರು. ಕಸರತ್ತಿಗೆಂದು ಕಿಟಕಿಯ ಸರಳಿಗೆ ಹಗ್ಗ ಕಟ್ಟಿಸಿಕೊಂಡಿದ್ದ ಸೀತಾರಾಮಪ್ಪ, "ನೀವು ಹೇಳಿದ ಎತ್ತರಾನೇ ಅಲ್ವಾ, ನೋಡಿ" ಎಂದು ಹಿಡಿದು ತೋರಿಸಿದರು.

ನವ್ಯಾ ನಿಂತಲ್ಲೇ ತಾನು ಶಿವಮೊಗ್ಗಕ್ಕೆ ಹೋಗುವ ವಿಷಯ ಹೇಳಿದಳು. ಪುಷ್ಪಮ್ಮ ಕೈಲಿದ್ದ ಚೊಂಬನ್ನು ಕೆಳಗಿಟ್ಟರು.

"ನಿಂಗೆ ಯಾವತ್ತು ಗೊತ್ತಾಯ್ತು?"

ನಿನ್ನೆ ಎನ್ನಬಹುದಿತ್ತು. ಬಾಯಿಯವರೆಗೂ ಬಂದಿತ್ತು.

"ಹನ್ನೆರಡನೇ ತಾರೀಕು, ಪುಷ್ಪಕ್ಕ."

"ಅಂದ್ರೆ ಇವ್ರು ಕೇಳ್ದಾಗ ಗೊತ್ತಿತ್ತು."

"ಹೌದು. ಡಾಕ್ಟ್ರಿಗೆ ತಿಳಿದ್ರೆ ಅವತ್ತೇ ಕಳಿಸಿಬಿಡ್ತಾರೆ ಅಂತ ಹೆದರಿಕೆ ಆಯ್ತು."

ಸೀತಾರಾಮಪ್ಪ ಹಗ್ಗ ಬಿಟ್ಟು ಮೆಲ್ಲಗೆ ಮಂಚದ ಮೇಲೆ ಕೂತರು. "ಡಾಕ್ಟ್ರಿಗೆ ಹೇಳ್ಬೇಡಿ ಅಂದಿದ್ರೆ ನಾವು ಹೇಳ್ತಿದ್ವಾ ಮೇಡಮ್ಮ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇವರನ್ನು ನಂಬಬಹುದು ಎಂಬ ಯೋಚನೆ ಆ ಹದಿನಾರು ದಿನಗಳಲ್ಲಿ ಒಮ್ಮೆಯೂ ನವ್ಯಾಗೆ ಹೊಳೆದಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ನಿಂತು ಶಿವಮೊಗ್ಗಕ್ಕೆ ಫೋನ್ ಮಾಡಿದಳು. ಒಂದು ವಾರ ತಡವಾಗಿ ಸೇರಬಹುದೇ ಎಂದಳು. "ಬನ್ನಿ, ತೊಂದರೆಯಿಲ್ಲ" ಎಂದರು ಅತ್ತಲಿಂದ. ಇಷ್ಟು ಸುಲಭವಾಗಿ ಕೇಳಬಹುದಾಗಿದ್ದನ್ನು ಕೇಳಿರಲೇ ಇಲ್ಲವಲ್ಲ ಎಂದು ನಾಚಿಕೆಯಾಯಿತು.

ಇನ್ನೊಂದು ವಾರ ಇರುತ್ತೇನೆ ಎಂದಾಗ ಡಾಕ್ಟರೂ ಒಪ್ಪಿದರು. ಆ ವಾರ ದಿನಾ ಸಂಜೆ ಅವಳು ರೂಮಿಗೆ ಹೋದಳು. ಕಾಲು ಎಲ್ಲಿ ಹಿಡಿಯಬೇಕು, ಎಷ್ಟು ಮಡಚಬೇಕು, ನೋವೆಂದರೆ ಎಲ್ಲಿ ನಿಲ್ಲಿಸಬೇಕು ಎಂದು ಪುಷ್ಪಮ್ಮನಿಗೆ ಕಲಿಸಿದಳು. ಅವರು ತೀರ್ಥಹಳ್ಳಿಗೆ, ಮಗಳ ಮನೆಗೆ ಹೋಗುವುದೆಂದಾಯಿತು; ಅಲ್ಲಿನ ಫಿಸಿಯೋಥೆರಪಿಸ್ಟ್‌ಗೆ ಫೋನ್ ಮಾಡಿ ಎಲ್ಲ ವಿವರಿಸಿದಳು. ಪುಷ್ಪಮ್ಮ ಗಮನವಿಟ್ಟು ಕಲಿತರು, ಚಹಾ ಕೊಟ್ಟರು. ಬೇರೆ ಮಾತಾಡಲಿಲ್ಲ. ಭಾನುವಾರ ಮತ್ತೆ ಸಾಮಾನು ಕಟ್ಟಿ ಗೂಡ್ಸ್ ಆಟೋಗೆ ಏರಿಸಿದರು. ನವ್ಯಾ ಹೊರಲು ಹೋದ ಗಂಟನ್ನು ಪುಷ್ಪಮ್ಮ ತಾವೇ ತೆಗೆದುಕೊಂಡರು.

ಆಷಾಢದಲ್ಲೊಂದು ದಿನ ಸೀತಾರಾಮಪ್ಪನ ಫೋನ್ ಬಂತು. ಕೋಲೂರಿಕೊಂಡು ಅಂಗಡಿಯವರೆಗೆ ಒಬ್ಬರೇ ಹೋಗಿಬಂದರಂತೆ. "ನೀವು ಹಾಕಿಕೊಟ್ಟ ದಾರಿ" ಎಂದರು.

"ಪುಷ್ಪಕ್ಕ ಇದಾರಾ? ಒಂದು ನಿಮಿಷ ಕೊಡ್ತೀರಾ?" ಎಂದಳು ನವ್ಯಾ.

ಆಚೆ ಏನೋ ಪಿಸುಮಾತಾಯಿತು.

"ಇದಾಳೆ," ಎಂದರು ಸೀತಾರಾಮಪ್ಪ. "ಏನೋ ಕೆಲಸದಲ್ಲಿದಾಳಂತೆ."