ಸೋರಿಕೆ ಹುಡುಕುವ ಕಿವಿ

ದೋಣಿ ಮಾಡುವ ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಗಾಳಿ ಹೀರುವ ಪಂಪು ನಿಲ್ಲಿಸಿದ ಕೂಡಲೇ ಎಲ್ಲರೂ ಬಾಯಿಗೆ ಬೀಗ ಹಾಕಬೇಕು. ದೋಣಿಯ ಅಚ್ಚಿಗೆ ಹೊದಿಸಿದ ಪ್ಲಾಸ್ಟಿಕ್ಕಿನ ಅಂಚಿಗೆ ಕಿವಿ ಹಚ್ಚಿಕೊಂಡು ಮೇಸ್ತ್ರಿ ಒಂದು ಸುತ್ತು ಬರಬೇಕು, ಗಾಳಿ ಒಳನುಸುಳುವ ಕಡೆ ಬೆರಳಿಟ್ಟು “ಇಲ್ಲಿ” ಅನ್ನಬೇಕು. ಸೊಳ್ಳೆಯ ಹಾಡಿಗಿಂತ ಸಣ್ಣ ಸದ್ದದು. ಇಪ್ಪತ್ತು ವರ್ಷ ಅವನ ಬೆರಳು ತಪ್ಪಿರಲಿಲ್ಲ.

ಎರಡು ವರ್ಷದಿಂದ ಆ ಸದ್ದು ಅವನಿಗೆ ಕೇಳಿಸುತ್ತಿರಲಿಲ್ಲ. ಎದುರಿಗೆ ನಿಂತು ಆಡಿದ ಮಾತು ಕೇಳಿಸುತ್ತಿತ್ತು. ಸಣ್ಣಪುಟ್ಟ ಸದ್ದುಗಳು ಒಂದೊಂದಾಗಿ ಜಾಗ ಖಾಲಿ ಮಾಡಿದ್ದವು. ಯಾರಿಗೂ ಹೇಳಿರಲಿಲ್ಲ. ಅಂಚಿನ ಅಂಟುಪಟ್ಟಿಯನ್ನು ಎರಡೆರಡು ಸಾಲು ಒತ್ತಿ, ಸೋರಿಕೆಯೇ ಆಗದಂತೆ ನೋಡಿಕೊಂಡು ಮಾನ ಉಳಿಸಿಕೊಂಡಿದ್ದ.

ಇವತ್ತಿನದು ಅವನ ತಮ್ಮನ ಮಗಳ ಪಂದ್ಯದ ದೋಣಿ. ಎಲ್ಲರೂ ಪುಟ್ಟಿ ಅಂತ ಕರೆದರೂ ಅವಳಿಗೆ ಇಪ್ಪತ್ತಾರು, ಮೇಸ್ತ್ರಿಗಿಂತ ಒಂದು ಗೇಣು ಎತ್ತರ. ಅವಳ ಕಾಲುದ್ದಕ್ಕೆ, ಸೊಂಟದಳತೆಗೆ ಮಾಡಿದ ಅಚ್ಚು. ಇನ್ನು ಹತ್ತು ದಿನಕ್ಕೆ ತಂಡದ ಆಯ್ಕೆ. ತರಿಸಿದ ಕಾರ್ಬನ್ ಫೈಬರ್ ಬಟ್ಟೆಯೆಲ್ಲ ರೆಸಿನ್ ಅಂಟು ಕುಡಿದು ಅಚ್ಚಿನೊಳಗೆ ಮಲಗಿತ್ತು. ಇನ್ನೊಂದು ದೋಣಿಗೆ ಬಟ್ಟೆಯೂ ಇಲ್ಲ, ಸಮಯವೂ ಇಲ್ಲ. ರೆಸಿನ್ ಗಟ್ಟಿಯಾಗಲು ಅರ್ಧ ಗಂಟೆ ಸಾಕು. ಅಷ್ಟರೊಳಗೆ ಪ್ಲಾಸ್ಟಿಕ್ ಬಿಗಿಯಾಗಿ ಒತ್ತದಿದ್ದರೆ ಪದರಗಳ ನಡುವೆ ಗುಳ್ಳೆ ನಿಂತು ದೋಣಿ ಕೆಲಸಕ್ಕೆ ಬಾರದು.

ಪಂಪು ನಿಲ್ಲಿಸಿದ. ಒತ್ತಡದ ಗೇಜಿನ ಮುಳ್ಳು ಇಳಿಯತೊಡಗಿತು. ಎಲ್ಲೋ ಗಾಳಿ ಒಳನುಸುಳುತ್ತಿತ್ತು. ಸುತ್ತು ಬಂದ, ಗೋಡೆಗೆ ಕಿವಿಯಿಟ್ಟಂತಿತ್ತು. ಪುಟ್ಟಿ ಪದ್ಧತಿಯಂತೆ ಕೈಕಟ್ಟಿ ನಿಂತಿದ್ದಳು. ದೋಣಿಯ ಮೂತಿಯ ಹತ್ತಿರ ಅವನು ನಿಂತು, ದೊಡ್ಡ ಪಂಡಿತನ ಹಾಗೆ ತಲೆದೂಗಿ, “ಇಲ್ಲಿ” ಎಂದು ಒಂದು ತುಂಡು ಪಟ್ಟಿ ಒತ್ತಿದ. ಶುದ್ಧ ಸುಳ್ಳು.

ಪಂಪು ಹಾಕಿ ಮತ್ತೆ ನಿಲ್ಲಿಸಿದ. ಮುಳ್ಳಿಗೆ ಯಾರ ಮುಲಾಜೂ ಇಲ್ಲ, ಇಳಿಯಿತು. “ಇನ್ನೊಂದಿರಬೇಕು” ಎಂದು ಮತ್ತೆಲ್ಲೋ ಒತ್ತಿದ. ಡಬ್ಬದ ತಳದಲ್ಲಿ ಉಳಿದ ರೆಸಿನ್ ಆಗಲೇ ಬೆಚ್ಚಗಾಗಿತ್ತು, ಗಟ್ಟಿಯಾಗುವ ಸೂಚನೆ. ನನ್ನ ಜಂಬಕ್ಕೆ ಈ ಹುಡುಗಿಯ ದೋಣಿ ಬಲಿಯಾಗುತ್ತಿದೆ ಅನ್ನಿಸಿ ಅವನಿಗೆ ನಾಚಿಕೆಯಾಯಿತು, ಭಯವೂ ಆಯಿತು.

“ಪುಟ್ಟಿ, ನನಗೆ ಕೇಳಿಸ್ತಿಲ್ಲ ಕಣೆ. ಎರಡು ವರ್ಷ ಆಯ್ತು.”

ಅವಳು ಹುಡುಕಲೇ ಇಲ್ಲ. ನೆಟ್ಟಗೆ ಹಿಂತುದಿಗೆ ಹೋಗಿ, ಪ್ಲಾಸ್ಟಿಕ್ ಮಡಿಕೆ ಬಿದ್ದ ಕಡೆ ಹೆಬ್ಬೆರಳಿಂದ ಅದುಮಿದಳು. ಮುಳ್ಳು ನಿಂತಿತು.

“ಮೊದಲೇ ಕೇಳಿಸಿತ್ತಾ?”

“ಪಂಪು ನಿಲ್ಲಿಸಿದಾಗಲೇ.”

“ಮತ್ತೆ ಬಾಯಿ ಬಿಡೋದಲ್ವಾ? ದೋಣಿ ನಿಂದು.”

“ನೀವಿರುವಾಗ ನಾನು ಹೇಗೆ ಹೇಳ್ಲಿ ದೊಡ್ಡಪ್ಪ?” ಎಂದವಳು ಅಲ್ಲೊಂದು ಪಟ್ಟಿ ಒತ್ತಿ ಪಂಪು ಹಾಕಿದಳು.

ಮರುದಿನ ದೋಣಿ ಅಚ್ಚಿನಿಂದ ಸಲೀಸಾಗಿ ಎದ್ದು ಬಂತು. ಹಿಂತುದಿಯಲ್ಲಿ ಮಾತ್ರ ಅಂಗೈಯಗಲ ಗುಳ್ಳೆ. ಉಜ್ಜಿ ತೆಗೆದು, ಉಳಿದ ಬಟ್ಟೆಯ ಚೂರಿನಿಂದ ತೇಪೆ ಹಾಕಿ, ಅದಕ್ಕೂ ಪ್ಲಾಸ್ಟಿಕ್ ಹೊದಿಸಿದರು. ಮೇಸ್ತ್ರಿ ಪಂಪು ನಿಲ್ಲಿಸಿ ಪಕ್ಕಕ್ಕೆ ಸರಿದ.

“ಇನ್ಮೇಲೆ ಕೇಳೋದು ನಿನ್ನ ಕೆಲಸ.”

ಪುಟ್ಟಿ ಕಿವಿ ಹಚ್ಚಿ ಸುತ್ತು ಬಂದು, ಬಗ್ಗಿದಲ್ಲಿಂದಲೇ ಏನೋ ಅಂದಳು. ರೂಢಿಬಲದಿಂದ ತಲೆಯಾಡಿಸಲು ಹೋದವನು ತಡೆದುಕೊಂಡು, “ಏನಂದೆ?” ಎಂದ. ಎರಡು ವರ್ಷದಲ್ಲಿ ಯಾರನ್ನೂ ಅವನು ಹಾಗೆ ಕೇಳಿರಲಿಲ್ಲ.

ಅವಳು ಎದ್ದು ಬಂದು, ಅವನ ಎದುರಿಗೆ ನಿಂತು, ಜೋರಾಗಿ ಇನ್ನೊಮ್ಮೆ ಹೇಳಿದಳು.